ಸಹಾಯಕಿಯ ಮೇಲಿಟ್ಟ ಕಾವಲು

“ಗುರುಗಳೇ, ನಂಬಿಕೆಗೆ ಯೋಗ್ಯನಲ್ಲದವನನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕೇ?” ಎಂದು ಶಿಷ್ಯ ಅಡವಯ್ಯ ಕೇಳಿದ. “ಸೋಮನಿಂಗನ ಮೇಲೆ ಮೂರು ತಿಂಗಳಿಂದ ಕಣ್ಣಿಟ್ಟಿದ್ದೇನೆ. ಅವನಲ್ಲಿ ಏನೋ ಇದೆ. ಅವನನ್ನು ಮಠದಿಂದ ಕಳುಹಿಸಿಬಿಡಿ.”

ಗುರುಗಳು ಮಠಕ್ಕೆ ಬರುವ ಮೊದಲು ಕಂಪ್ಯೂಟರ್ ಕೆಲಸದಲ್ಲಿದ್ದವರು. “ಕಳುಹಿಸೋಣ, ಅದಕ್ಕೇನಂತೆ! ಮೊದಲು ಕೂತು ಈ ಕತೆ ಕೇಳು” ಎಂದರು.

ಒಂದು ಕಚೇರಿಯಲ್ಲಿ ಒಬ್ಬ ಅಧಿಕಾರಿ ಇದ್ದ. ಅವನ ವಶದಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುವ ಒಂದು ಕಂಪ್ಯೂಟರ್ ಯಂತ್ರವಿತ್ತು. ಕಚೇರಿಯ ಕಾಗದಗಳೆಲ್ಲ ಅದರೊಳಗೆ ಸರದಿಯಲ್ಲಿ ನಿಂತು ಒಂದೊಂದಾಗಿ ಪ್ರಿಂಟ್ ಆಗಬೇಕು. ಯಂತ್ರದ ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೆ, ಅವನಿಗೆ ಮತ್ತು ಒಬ್ಬ ಸಹಾಯಕಿಗೆ. ಆಕೆಯದು ಹಂಗಾಮಿ ಕೆಲಸ. ಆ ಸಂಬಳದ ಮೇಲೆ ಮನೆಯಲ್ಲಿ ಮೂವರ ಅನ್ನ ನಡೆಯಬೇಕಿತ್ತು.

ಒಂದು ದಿನ ಸರದಿ ನಿಂತುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೊರಟಿತು. ಯಾವುದೋ ಹಾಳೆ ಸಿಕ್ಕಿಕೊಂಡಿದ್ದಿರಬೇಕು, ಯಂತ್ರಗಳಿಗೆ ಇದೆಲ್ಲ ಇದ್ದದ್ದೇ. ಆದರೆ ಅಧಿಕಾರಿ, ‘ನಾನಂತೂ ಮುಟ್ಟಿಲ್ಲ. ಹಾಗಾದರೆ ಇವಳೇ’ ಅಂದುಕೊಂಡ. ಅಂದಿನಿಂದ ಆಕೆ ನಕ್ಕರೆ ಯಾಕೆ ನಕ್ಕಳು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ! ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಯಂತ್ರದ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಯಾರು ಯಾವ ಕಡತ ಮುಟ್ಟಿದರೂ ಅದಕ್ಕೆ ತಿಳಿಯುತ್ತದೆ. ‘ಅವಳು ಮಾಡಿದ್ದನ್ನೆಲ್ಲ ಬರೆದಿಡು’ ಎಂದು ಅಧಿಕಾರಿ ಅದಕ್ಕೆ ಗುಟ್ಟಾಗಿ ಆಜ್ಞೆ ಕೊಟ್ಟ. ಬರೆದದ್ದು ಅವಳ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟ. ಕರ್ನಲ್ಲಿಗೇನು, ಬೇಸರವೂ ಇಲ್ಲ, ನಾಚಿಕೆಯೂ ಇಲ್ಲ. ಬರೆಯುತ್ತಲೇ ಹೋಯಿತು.

ಕೆಲವು ವಾರಗಳಲ್ಲಿ ಸರದಿ ಪದೇ ಪದೇ ನಿಲ್ಲತೊಡಗಿತು. ಅವನು ಕಾವಲನ್ನು ಇನ್ನೂ ಬಿಗಿ ಮಾಡಿದ. ಸರದಿ ಪೂರ್ತಿ ನಿಂತಿತು. ನೆಟ್ಟಗೆ ಮೇಲಿನವರ ಬಳಿ ಹೋಗಿ, ‘ಇದು ಅವಳದೇ ಕೈವಾಡ’ ಎಂದ. ಅದೇ ದಿನ ಆಕೆಯನ್ನು ಕೆಲಸದಿಂದ ತೆಗೆದರು. ಯಾಕೆ ಎಂದು ಕೇಳಿದಳು, ಯಾರೂ ಹೇಳಲಿಲ್ಲ. ಪಾಪ, ಊಟದ ಡಬ್ಬಿಯನ್ನು ಬಿಚ್ಚದೆಯೇ ಎತ್ತಿಕೊಂಡು ಹೋದಳು.

ಮರುದಿನವೂ ಒಂದು ಹಾಳೆಯೂ ಹೊರಬರಲಿಲ್ಲ. ಹೊರಗಿನಿಂದ ಒಬ್ಬ ತಿಳಿದವನನ್ನು ಕರೆಸಿದರು. ಅವನು ಯಂತ್ರದ ಕಡತಗಳೆಲ್ಲ ಇರುವ ಡಿಸ್ಕ್ ನೋಡಿ, ‘ಇಲ್ಲಿ ಸಾಸಿವೆಯಷ್ಟೂ ಜಾಗವಿಲ್ಲ. ಪ್ರಿಂಟಿಗೆ ಬಂದ ಕಾಗದ ಎಲ್ಲಿ ನಿಲ್ಲಬೇಕು ಸ್ವಾಮಿ? ಇಡೀ ಡಿಸ್ಕ್ ತುಂಬಿರುವುದು ನೀವು ಬರೆಸಿದ ದಾಖಲೆಯೇ’ ಎಂದ. ಅದನ್ನು ತೆರೆದು ಓದಿದ. ಸರದಿ ನಿಂತಾಗಲೆಲ್ಲ ಸಹಾಯಕಿ ಬೇಡದ ಕಡತ ಅಳಿಸಿ, ಜಾಗ ಮಾಡಿ, ಸರದಿಯನ್ನು ಮತ್ತೆ ಹೊರಡಿಸಿದ್ದಳು. ಪುಟಪುಟದಲ್ಲೂ ಅದೇ ಇತ್ತು.

‘ಇದನ್ನು ನೀವು ಒಮ್ಮೆಯೂ ಓದಲಿಲ್ಲವೇ?’

‘ಓದಲು ಪುರುಸೊತ್ತೆಲ್ಲಿತ್ತು? ಅವಳನ್ನು ಕಾಯುವುದೇ ಆಗಿತ್ತು’ ಎಂದ ಅಧಿಕಾರಿ.

ಅಡವಯ್ಯನಿಗೆ ತಡೆಯಲಾಗಲಿಲ್ಲ. “ಎಂಥ ಮೂರ್ಖ! ಆ ತಾಯಿಯನ್ನು ಮರಳಿ ಕರೆದರೇ?”

“ಕರೆದರು. ಆಕೆ ಬರಲಿಲ್ಲ” ಎಂದ ಗುರುಗಳು ಶಿಷ್ಯನ ಮುಖವನ್ನೇ ನೋಡಿದರು. “ಅದಿರಲಿ, ಸೋಮನಿಂಗ ಮಾಡಿದ್ದೇನು, ಈಗ ಹೇಳು.”