ತೊಳೆದ ಗಾಜು

"ನಮ್ಮ ಕೇರಿಯ ಸ್ಮಶಾನವನ್ನು ಕದ್ದಿದ್ದಾರೆ, ಗುರುಗಳೇ. ತೋಟದ ಧಣಿ ವರ್ಷವರ್ಷವೂ ಬೇಲಿ ಸರಿಸುತ್ತಾ ಬಂದ. ಕೇಳಿದರೆ ಮೊದಲಿನಿಂದ ಅಲ್ಲೇ ಇತ್ತು ಅನ್ನುತ್ತಾನೆ. ನಮ್ಮ ಕೇರಿಯವರೂ ಅಲ್ಲೇ ಇತ್ತೇನೋ ಅನ್ನುತ್ತಾರೆ. ಎಲ್ಲರ ಕಣ್ಣೆದುರೇ ಸರಿದದ್ದು ಯಾರಿಗೂ ಏಕೆ ಕಾಣಲಿಲ್ಲ?" ಎಂದು ದುರುಗಪ್ಪ ಕೇಳಿದ.

ಗುರು ಒಂದು ಕತೆ ಹೇಳಿದ.

ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಒಬ್ಬ ಹೆಂಗಸು ಆಕಾಶದ ಚಿತ್ರ ತೆಗೆಯುತ್ತಿದ್ದಳು. ಆಗ ಚಿತ್ರ ಮೂಡುತ್ತಿದ್ದುದು ಗಾಜಿನ ಹಲಗೆಯ ಮೇಲೆ. ಮಂಗಳಕ್ಕೂ ಗುರುಗ್ರಹಕ್ಕೂ ನಡುವೆ ಸುತ್ತುವ ಕ್ಷುದ್ರಗ್ರಹವೊಂದನ್ನು ಕಂಡುಹಿಡಿಯಬೇಕೆಂಬುದು ಅವಳ ಹಟ. ಚಿತ್ರದಲ್ಲಿ ಅದೂ ನಕ್ಷತ್ರದಂತೆಯೇ ಒಂದು ಚುಕ್ಕೆ. ನಕ್ಷತ್ರಗಳ ಸಾಲು ಕದಲುವುದಿಲ್ಲ, ಅದೊಂದೇ ಸರಿಯುತ್ತದೆ. ಹಳೆಯ ಗಾಜನ್ನೂ ಹೊಸ ಗಾಜನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಸಿಕ್ಕಿಬೀಳುತ್ತದೆ.

ಒಂದು ದಿನ ಮುಖ್ಯಸ್ಥ ಅವಳನ್ನು ಕರೆದ. "ಹೂಗಿಡಕ್ಕೆಂದು ಕಟ್ಟಿಸುತ್ತಿರುವ ನನ್ನ ಗಾಜಿನ ಮನೆಗೆ ಗಾಜು ಸಾಲುತ್ತಿಲ್ಲ. ಹಳೇ ಹಲಗೆಗಳನ್ನೆಲ್ಲ ತೊಳೆದುಕೊಡಮ್ಮ. ಆಕಾಶ ಎಲ್ಲಿಗೆ ಓಡಿಹೋಗುತ್ತೆ?"

ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು. ಎದುರಾಡಲಿಲ್ಲ. ತನ್ನ ಕೈಯಾರೆ ಬಿಸಿನೀರಿನಲ್ಲಿ ಉಜ್ಜಿ, ಒಂದು ಚುಕ್ಕೆಯೂ ಉಳಿಯದಂತೆ ತೊಳೆದಳು.

ಕೆಲವೇ ದಿನಗಳಲ್ಲಿ ಹೊಸ ಚಿತ್ರವೊಂದರಲ್ಲಿ ಅವಳ ಕಣ್ಣು ಒಂದು ಚುಕ್ಕೆಯ ಮೇಲೆ ನಿಂತಿತು. "ಸಾರ್, ಇದು ಮೊದಲು ಇಲ್ಲಿರಲಿಲ್ಲ," ಅಂದಳು.

"ಮೊದಲಿನದನ್ನು ತೋರಿಸು," ಅಂದ ಮುಖ್ಯಸ್ಥ.

ತೋರಿಸಲು ಏನಿತ್ತು? ಇನ್ನೊಂದು ಚಿತ್ರ ತೆಗೆಯುವಷ್ಟರಲ್ಲಿ ಮಳೆಗಾಲದ ಮೋಡ ಕವಿಯಿತು. ಮೋಡ ಚದುರಿದಾಗ ಆ ಚುಕ್ಕೆ ಸಾವಿರ ಚುಕ್ಕೆಗಳಲ್ಲಿ ಬೆರೆತುಹೋಗಿತ್ತು. ಇಲ್ಲದ್ದನ್ನು ಕಂಡವಳೆಂದು ಅವಳನ್ನು ಕೆಲಸದಿಂದ ತೆಗೆದರು. ಹೊರಡುವ ದಿನ ಅವಳು ಆ ಗಾಜಿನ ಮನೆಯ ಮುಂದೆ ನಿಂತಳು. ಗಾಜು ತಿಳಿಯಾಗಿತ್ತು. ಒಳಗಿನ ಹೂವು ಒಂದೊಂದೂ ಚೆನ್ನಾಗಿ ಕಾಣುತ್ತಿತ್ತು. ಆ ಕ್ಷುದ್ರಗ್ರಹವನ್ನು ಮುಂದೆ ಬೇರೆ ದೇಶದವರು ಕಂಡುಹಿಡಿದು ಹೆಸರಿಟ್ಟರು. ಅವರು ಹಳೆಯ ಗಾಜು ತೊಳೆದಿರಲಿಲ್ಲ.

"ಆ ಮುಖ್ಯಸ್ಥ ಪಾಪಿ," ಅಂದ ದುರುಗಪ್ಪ.

"ಪಾಪಿಯೇ. ತೊಳೆದವರು ಯಾರು?"

ದುರುಗಪ್ಪ ತನ್ನ ಕೈ ನೋಡಿಕೊಂಡ.

"ನಿನ್ನ ಅಜ್ಜನ ಗೋರಿಯ ಕಲ್ಲು ಈಗ ಎಲ್ಲಿದೆ?"

ಅವನ ದನಿ ಇಳಿಯಿತು. "ಧಣಿಯ ಮನೆ ಮೆಟ್ಟಿಲಿಗೆ ಹಾಕಿದ್ದಾರೆ. ಕೇಳಿದರು ಅಂತ ನಾನೇ ಹೊತ್ತುಕೊಟ್ಟೆ."

"ಹಾಗಾದರೆ ಇವತ್ತೇ ಹೋಗಿ ಆ ಮೆಟ್ಟಿಲು ಕಿತ್ತು ತಂದು, ಅಜ್ಜ ಮಲಗಿರುವಲ್ಲಿ, ಈಗಿನ ಬೇಲಿಯ ಒಳಗೇ, ಮತ್ತೆ ನೆಡು."