ಅಡಿವೆಪ್ಪಜ್ಜನವರ ಅಳತೆಕೋಲು

ಬಿಳಿಕಲ್ಲೂರಿನ ಮಠವೆಂದರೆ ದೊಡ್ಡ ಕಟ್ಟಡವೇನಲ್ಲ. ಹಳ್ಳದ ದಂಡೆಯಲ್ಲಿ ಒಂದು ಬೇವಿನ ಮರ, ಮಣ್ಣಿನ ಮಾಳಿಗೆಯ ಎರಡು ಖೋಲಿ, ಹಿಂದೆ ದಾಸೋಹದ ಒಲೆ. ಅಷ್ಟೆ. ಆ ಒಲೆ ಆರದಂತೆ ನಡೆಸಿಕೊಂಡು ಬಂದ ಪೂಜ್ಯ ಅಡಿವೆಪ್ಪಜ್ಜನವರು ಗದ್ದುಗೆಯ ಮೇಲೆ ಕೂತದ್ದನ್ನು ಕಂಡವರು ಕಡಿಮೆ. ದರ್ಶನಕ್ಕೆ ಬಂದವರು ಹಿತ್ತಲಿಗೇ ಹೋಗಬೇಕು. ಅಲ್ಲಿ ಅಜ್ಜನವರು ಕಾವಿಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಜಾಲಿಯ ಕೊರಡಿಗೆ ಬಿದಿರಿನ ಕೋಲು ಹಿಡಿದು, ಇದ್ದಿಲಿನಿಂದ ಗುರುತು ಹಾಕಿ, ಕಟ್ಟಿಗೆ ಕಡಿಯುತ್ತಿದ್ದರು. ಒಂದು ತುಂಡು ಕಡಿದ ಮೇಲೆ ಮತ್ತೆ ಕೋಲು, ಮತ್ತೆ ಗುರುತು. ಎಷ್ಟು ಅವಸರವಿದ್ದರೂ ಇದು ತಪ್ಪುತ್ತಿರಲಿಲ್ಲ. ಉರಿದು ಹೋಗುವ ಕಟ್ಟಿಗೆಗೂ ಇಷ್ಟು ಮರ್ಯಾದೆ ಕೊಟ್ಟ ಮಹಾತ್ಮರನ್ನು ಇನ್ನೆಲ್ಲಿ ಹುಡುಕೋಣ!

ಒಂದು ಬಿರುಬಿಸಿಲಿನ ಮಧ್ಯಾಹ್ನ ಈರಬಸಪ್ಪನೆಂಬ ರೈತ ಬಂಡಿ ಬಿಟ್ಟು ಮಠದ ನೆರಳಿಗೆ ಬಂದ. ನೆರೆಯೂರಿನವ, ಉಂಡುಟ್ಟು ಸುಖವಾಗಿದ್ದವ. ಆದರೆ ಮುಖದ ಮೇಲೆ ಸಿಟ್ಟು ಕುಣಿಯುತ್ತಿತ್ತು. ಎಲ್ಲಿಗೆ ಹೊರಟೆಯಪ್ಪಾ ಎಂದು ಅಜ್ಜನವರು ಕೇಳಿದ್ದೇ ತಡ, ಹೊಟ್ಟೆಯಲ್ಲಿದ್ದುದೆಲ್ಲ ಹೊರಬಿತ್ತು.

ತಮ್ಮ ಚನ್ನವೀರನಿಗೂ ಅವನಿಗೂ ಬಹುಕಾಲದಿಂದ ಮಾತಿಲ್ಲ. ತಮ್ಮ ಒಮ್ಮೆ ಹೇಳದೆ ಕೇಳದೆ ತನ್ನ ಎತ್ತನ್ನು ಅಣ್ಣನ ಗೂಟಕ್ಕೆ ಕಟ್ಟಿದ. ಅಣ್ಣ ಅದನ್ನು ಬಿಚ್ಚಿ ಬೀದಿಗೆ ಹೊಡೆದ. ತಮ್ಮ ಬಾವಿಯ ದಾರಿಗೆ ಮುಳ್ಳು ಹಚ್ಚಿದ. ಅಣ್ಣ ಅವನ ಬಣವೆಗೆ ದನ ಬಿಟ್ಟ. ತಮ್ಮ ಊರ ಮಂದಿಯೆದುರು ಅಣ್ಣನನ್ನು ಕಳ್ಳ ಎಂದ. ಈಗ ತಮ್ಮನ ಮಗಳು ಗಂಗವ್ವನ ಲಗ್ನ ಗೊತ್ತಾಗಿತ್ತು. ಈರಬಸಪ್ಪ ಬೀಗರ ಊರಿಗೆ ಹೊರಟಿದ್ದ, ಹುಡುಗಿಯ ನಡತೆಯ ಮೇಲೆ ಒಂದು ಸುಳ್ಳು ಹೇಳಿ ಲಗ್ನ ಮುರಿಯಲಿಕ್ಕೆ!

"ಅವ ನನಗ ಮಾಡಿದಷ್ಟ ನಾ ಅವಗ ಮಾಡೀನಿ, ಯಪ್ಪಾ. ಒಂದು ಗುಂಜಿಯಷ್ಟೂ ಹೆಚ್ಚಿಲ್ಲ" ಎಂದ.

ಕೇಳಿದವರ ಮೈ ಉರಿಯಬೇಕು. ತಾನೇ ಎತ್ತಿ ಆಡಿಸಿದ ಕೂಸಿನ ಬಾಳಿಗೆ ಕಲ್ಲು ಹಾಕಲು ಹೊರಟವನಿಗೆ ನಮ್ಮಂಥವರಾದರೆ ನಾಲ್ಕು ಬಿಗಿದೇ ಬಿಡುತ್ತಿದ್ದೆವು. ಅಜ್ಜನವರು ಬಯ್ಯಲಿಲ್ಲ. "ಉಂಡು ಹೋಗುವಿಯಂತ. ಮೊದಲ ಒಂದೀಟು ಕಟ್ಟಿಗಿ ಕಡಿ" ಎಂದು ಕೊಡಲಿಯನ್ನೂ ಬಿದಿರಿನ ಕೋಲನ್ನೂ ಅವನ ಮುಂದಿಟ್ಟರು. ಆ ಮಠದಲ್ಲಿ ಮೈ ಬಗ್ಗಿಸದೆ ಊಟಕ್ಕೆ ಕೂಡುವ ರೂಢಿಯೇ ಇರಲಿಲ್ಲ.

"ಸುಡೋ ಕಟ್ಟಿಗೀಗೆ ಅಳತಿ ಯಾಕ್ರಿ, ಅಜ್ಜಾರ? ಬೂದಿಯೊಳಗ ಉದ್ದ ಗಿಡ್ಡ ಐತೇನು?" ಎಂದು ಈರಬಸಪ್ಪ ನಕ್ಕ. ಅಜ್ಜನವರೂ ನಕ್ಕು ಪೂಜೆಗೆಂದು ಒಳಗೆ ಹೋದರು.

ಮೊದಲ ತುಂಡನ್ನು ಕೋಲು ಹಿಡಿದೇ ಕಡಿದ. ಅಷ್ಟರಲ್ಲಿ ಕೋಲು ಅತ್ತ ಉರುಳಿತು. ಎದ್ದು ಹೋಗಿ ತರುವುದು ಯಾರಿಗೆ ಬೇಕು? ಕಡಿದ ತುಂಡನ್ನೇ ಮುಂದಿನ ಕೊರಡಿನ ಮೇಲಿಟ್ಟ, ಅದರ ತುದಿಯಾಚೆ ಗುರುತು ಹಾಕಿದ, ಕಡಿದ. ಹಾಗೆ ಕಡಿದದ್ದನ್ನು ಅದರ ಮುಂದಿನದಕ್ಕೆ ಹಿಡಿದ. ಗುರುತು ಪ್ರತಿ ಸಲ ಒಂದು ಬೆರಳು ಆಚೆಗೆ ಬೀಳುತ್ತಿತ್ತು, ಅದು ಅವನ ಗಮನಕ್ಕೇ ಬರಲಿಲ್ಲ. ಕೆಲಸವಂತೂ ಭರಭರನೆ ಸಾಗಿತು.

ಅಡುಗೆಯ ನೀಲವ್ವ ಬಂದು ರಾಶಿಯ ಮೇಲಿದ್ದ ತುಂಡುಗಳನ್ನು, ಎಂದರೆ ಆಗಷ್ಟೇ ಕಡಿದವನ್ನು, ಒಯ್ದು ಒಲೆಗೆ ಹಾಕಿದಳು. ತುಸು ಹೊತ್ತಿನಲ್ಲೇ "ಅಯ್ಯಯ್ಯೋ, ಸತ್ನೆಪ್ಪೋ" ಎಂಬ ಕೂಗು ಕೇಳಿಸಿತು. ಕಟ್ಟಿಗೆ ಒಲೆಯ ಬಾಯಿಂದ ಮೊಳದುದ್ದ ಹೊರಗೆ ಚಾಚಿತ್ತು. ಉರಿ ಅದರಗುಂಟ ಈಚೆಗೆ ಬಂದು, ನುಚ್ಚು ತಿರುವುತ್ತಿದ್ದ ಅವಳ ಸೀರೆಯ ಅಂಚನ್ನು ಹಿಡಿದಿತ್ತು. ಅಜ್ಜನವರು ಪೂಜೆ ಬಿಟ್ಟು ಓಡಿಬಂದು ಬರಿಗೈಯಲ್ಲೇ ಉರಿಯನ್ನು ಹಿಸುಕಿ ಆರಿಸಿದರು. ನೀಲವ್ವನ ಕಾಲಿಗೆ ಬೊಬ್ಬೆ ಎದ್ದಿತ್ತು, ಅಜ್ಜನವರ ಅಂಗೈ ಸುಟ್ಟಿತ್ತು.

ಈರಬಸಪ್ಪನಿಗೆ ಗಾಬರಿ. "ಎಲ್ಲಾ ಒಂದ ಅಳತಿಗೆ ಕಡಿದೀನಿ, ಯಪ್ಪಾ! ಒಂದೊಂದೂ ಅದರ ಹಿಂದಿಂದಷ್ಟ ಐತಿ. ಒಂದು ಗುಂಜಿಯಷ್ಟೂ ಹೆಚ್ಚಿಲ್ಲ!"

ಉಳಿದ ತುಂಡುಗಳನ್ನು ಕಡಿದ ಸರದಿಯಲ್ಲೇ ಸಾಲಾಗಿ ಗೋಡೆಗೆ ಆನಿಸಿ ನಿಲ್ಲಿಸೆಂದು ಅಜ್ಜನವರು ಹೇಳಿದರು. ನಿಲ್ಲಿಸುತ್ತ ನಿಲ್ಲಿಸುತ್ತ ಅವನ ಕೈ ನಿಧಾನವಾಯಿತು. ಮೊದಲಿನದು ಮೊಣಕಾಲಿಗೆ ಬರುತ್ತಿತ್ತು, ಕಡೆಯದು ಸೊಂಟಕ್ಕೆ. ಅಜ್ಜನವರು ಬಿದಿರಿನ ಕೋಲನ್ನು ಎತ್ತಿ ತಂದು ಕಡೆಯ ತುಂಡಿನ ಪಕ್ಕದಲ್ಲಿ ಇಟ್ಟರು.

"ಹೊರಗ ಚಾಚಿದ ಕಟ್ಟಿಗಿ ಗಡಿಗಿ ಕಾಸಂಗಿಲ್ಲ, ತಮ್ಮಾ. ಏನೂ ಅರಿಯದಾಕಿ ಕಾಲು ಸುಡತೈತಿ. ನಿನ್ನ ಗೂಟಕ್ಕ ಎತ್ತು ಕಟ್ಟಿದಾಕಿ ಗಂಗವ್ವನೇನು?"

ಅಷ್ಟೇ ಮಾತು. ಈರಬಸಪ್ಪ ಆ ಸಾಲನ್ನು ನೋಡಿದ, ಮಾಡಿನ ಕೆಳಗೆ ಕಾಲಿಗೆ ತಣ್ಣೀರು ಹಾಕಿಕೊಳ್ಳುತ್ತಿದ್ದ ನೀಲವ್ವನನ್ನು ನೋಡಿದ. ತನ್ನ ಬಾಯಿಂದ ಎರಡು ಸಲ ಬಂದ ಮಾತು ಅವನಿಗೆ ಆಗ ಕೇಳಿಸಿತು. ಮಣ್ಣಿನಲ್ಲೇ ಕುಸಿದು ಕೂತು ಸಣ್ಣ ಹುಡುಗನ ಹಾಗೆ ಅತ್ತ. ಆಮೇಲೆ ಎದ್ದು ನೀಲವ್ವನ ಕಾಲು ಹಿಡಿದ. ಉದ್ದವಾದ ಪ್ರತಿಯೊಂದು ತುಂಡಿಗೂ ಕೋಲು ಹಿಡಿದು ಹೆಚ್ಚಿದ್ದುದನ್ನು ಕಡಿದು ಹಾಕಿದ. ಉಂಡ ಮೇಲೆ ಬಂಡಿ ಹೂಡಿ, ಬಂದ ದಾರಿಗೇ ಎತ್ತುಗಳ ಮುಖ ತಿರುಗಿಸಿದ.

ಸಂಜೆ ಚನ್ನವೀರ ತನ್ನ ಎತ್ತು ಕಾಣದೆ ಬಡಿಗೆ ಹಿಡಿದು ಹೊರಬಂದ. ಎತ್ತು ಅಣ್ಣನ ಗೂಟಕ್ಕೆ ಕಟ್ಟಿಸಿಕೊಂಡು ಮೇಯುತ್ತಿತ್ತು. ಅಣ್ಣ ಅದರ ಕೊರಳ ಕೆಳಗಿನ ಗಂಗೆದೊಗಲು ತುರಿಸುತ್ತ ನಿಂತಿದ್ದ.

"ನನ್ನ ಎತ್ತು ನಿನ್ನ ಗೂಟದಾಗ ಯಾಕ?"

"ಅವತ್ತೂ ಅದು ಇಲ್ಲೇ ಇರಬೇಕಾಗಿತ್ತೋ, ತಮ್ಮಾ. ಬಿಚ್ಚಬಾರದಿತ್ತು ನಾನು."

ಚನ್ನವೀರ ಬಡಿಗೆಯನ್ನು ಗೋಡೆಗೆ ಆನಿಸಿಟ್ಟ. "ನೀರು ಕುಡಿಸೀಯೇನಣ್ಣಾ?" ಎಂದ.

ಗಂಗವ್ವನ ಲಗ್ನದ ಒಲೆಗೆ ಕಟ್ಟಿಗೆ ಕಡಿದವನು ಅವಳ ದೊಡ್ಡಪ್ಪನೇ, ಒಂದೊಂದಕ್ಕೂ ಕೋಲು ಹಿಡಿದು. ಅಜ್ಜನವರು ಬಂದು ಮದುಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಿದಾಗ ಅವರ ಅಂಗೈಯ ಸುಟ್ಟ ಕಲೆ ಇನ್ನೂ ಮಾಸಿರಲಿಲ್ಲ. ಈರಬಸಪ್ಪ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದ. ಮೈ ತುಂಬ ಕಟ್ಟಿಗೆಯ ಚಕ್ಕೆ. ಆ ಅಂಗೈಯನ್ನು ಎರಡೂ ಕೈಯಿಂದ ಹಿಡಿದು ಕಣ್ಣಿಗೊತ್ತಿಕೊಂಡ, ಬಿಡಲೇ ಇಲ್ಲ.