ಬೋನಿನ ಮುಂದೆ ಸೊಂಡಿಲಿಯ ಮೆರವಣಿಗೆ

ಸೊಂಡಿಲಿ ನೋಡಲು ಇಲಿಯಂತಿದ್ದರೂ ಇಲಿಯಲ್ಲ. ಅದರ ಊಟ ಜಿರಲೆ, ಅಕ್ಕಿಯಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಇಲಿಬೋನಿಗೆ ಇದು ಗೊತ್ತಿರಲಿಲ್ಲ. ಬೋನಿನ ವಡೆಯ ಮೇಲೆ ಕುಳಿತ ಜಿರಲೆಯನ್ನು ಹಿಡಿಯಲು ಸೊಂಡಿಲಿ ಒಳಹೊಕ್ಕಾಗ, ಬೋನು ಬಾಗಿಲು ಹಾಕಿಬಿಟ್ಟಿತು.

"ಅಕ್ಕಿ ಚೀಲ ಕಡಿದವಳು ನೀನೇ."

"ನಾನಲ್ಲಣ್ಣ."

"ಅಲ್ಲದಿದ್ದರೆ ನನ್ನೊಳಗೆ ಏಕಿರುತ್ತಿದ್ದೆ?"

ಸೊಂಡಿಲಿ ಮೂರು ದಿನ ವಡೆಗೆ ಮುತ್ತಿದ ಜಿರಲೆಗಳನ್ನೇ ತಿಂದು ಬದುಕಿತು, ವಡೆ ಮುಟ್ಟಲಿಲ್ಲ. ಅಷ್ಟರಲ್ಲಿ ಚೀಲಕ್ಕೆ ಇನ್ನೂ ನಾಲ್ಕು ತೂತು ಬಿದ್ದವು. ಒಳಗಿರುವ ಪ್ರಾಣಿ ಹೊರಗಿನ ಚೀಲವನ್ನು ಕಡಿಯಲಾರದೆಂದು ಕೊನೆಗೆ ಬೋನಿಗೂ ಹೊಳೆಯಿತು, ಅದು ಬಾಗಿಲು ತೆರೆಯಿತು.

ಮರುದಿನ ಬೆಳಿಗ್ಗೆ ಸೊಂಡಿಲಿ ಮತ್ತೆ ಬಂತು. ಹಿಂದೆ ಐದು ಮರಿಗಳು, ತಮ್ಮ ಕುಲದ ಪದ್ಧತಿಯಂತೆ ಒಂದರ ಬಾಲ ಒಂದು ಕಚ್ಚಿಕೊಂಡು ಸಾಲಾಗಿ ಬಂದವು.

"ಬಿಟ್ಟೆನಲ್ಲ ತಾಯಿ, ಇನ್ನೇನು?" ಎಂದಿತು ಬೋನು.

"ನಾಳೆ ಅಳಿಲು ಬಂದೀತು. ಬಾಗಿಲು ಹಾಕುವ ಮುನ್ನ ಮೂತಿ ಮೂಸಿ ನೋಡು. ಅಕ್ಕಿಯ ವಾಸನೆ ಇದ್ದರೆ ಮಾತ್ರ ಹಾಕು. ನೀನು ಒಪ್ಪುವವರೆಗೆ ನಾವು ದಿನಾ ಬರುತ್ತೇವೆ."

ಸೊಂಡಿಲಿಯ ಮೈನಾತ ಎಲ್ಲರಿಗೂ ಗೊತ್ತಿರುವುದೇ. ಆರು ಸೊಂಡಿಲಿಗಳ ನಾತವನ್ನು ಒಂಬತ್ತು ದಿನ ತಡೆದುಕೊಂಡ ಬೋನು ಹತ್ತನೆಯ ದಿನ ಒಪ್ಪಿತು.

ಚೀಲದ ಹಿಂದೆ ಕುಳಿತಿದ್ದ ಇಲಿ ಮಾತ್ರ ಮೀಸೆಗೆ ಅಂಟಿದ ಅಕ್ಕಿನುಚ್ಚನ್ನು ಒರೆಸಿಕೊಳ್ಳುತ್ತ, "ಹಳೆಯ ನ್ಯಾಯವೇ ಚೆನ್ನಾಗಿತ್ತು" ಎಂದು ಗೊಣಗಿತು.